ಉತ್ತರಾಣಿಗೆ ಗೌರವ: ಗಿಡ, ಹಬ್ಬ, ಚಿತ್ರ ಮತ್ತು ಮದ್ದಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನ ಒಂದು ಔಷಧಿ ಗಿಡವನ್ನು ಆರಿಸಿಕೊಂಡು, ಮುಂಗಾರಿನಿಂದ ದೀಪಾವಳಿಯವರೆಗೆ ಅದನ್ನೇ ನೋಡಿ, ಚಿತ್ರಿಸಿ, ಹಿರಿಯರನ್ನು ಕೇಳಿ ಬರೆದಿಡಬೇಕೆಂದಿರುವ ಕೊಪ್ಪಳ ಸುತ್ತಿನ ಶಿಕ್ಷಕರು, ಪಾಲಕರು ಮತ್ತು ಯುವಕ ಮಂಡಳಿಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದೆ. ನಾವು ಆರಿಸಿಕೊಂಡ ಗಿಡ ಉತ್ತರಾಣಿ.

ತುಳಸಿ, ಬೇವು, ಬಿಲ್ವ ಇರುವಾಗ ಉತ್ತರಾಣಿಯೇ ಏಕೆ?

ತುಳಸಿಗೆ ಕಟ್ಟೆಯಿದೆ, ಬೇವಿಗೆ ಯುಗಾದಿಯಿದೆ, ಬಿಲ್ವಕ್ಕೆ ಶಿವನ ಗುಡಿಯಿದೆ. ಅವುಗಳಿಗೆ ಗೌರವ ಸಲ್ಲಿಸಲು ನಾವು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಉತ್ತರಾಣಿಯನ್ನು ಮಾತ್ರ ಯಾರೂ ನೆಡುವುದಿಲ್ಲ, ಯಾರೂ ನೀರು ಹಾಕುವುದಿಲ್ಲ. ಹೊಲದ ಬದುವಿನಲ್ಲಿ, ಹಾಳು ಗೋಡೆಯ ಬುಡದಲ್ಲಿ, ಬಸ್ ನಿಲ್ದಾಣದ ಹಿಂದಿನ ತಿಪ್ಪೆಯಲ್ಲಿ ಅದು ತಾನಾಗಿ ಹುಟ್ಟುತ್ತದೆ. ಕಸ ತೆಗೆಯುವವರ ಕುರ್ಪಿಗೆ ಸಿಕ್ಕರೆ ಕಸವೆಂದೇ ಹೋಗುತ್ತದೆ. ಅದೇ ಗಿಡ ಅಥರ್ವವೇದದಲ್ಲಿ ಸೂಕ್ತಗಳಿಂದ ಸ್ತುತಿಸಲ್ಪಟ್ಟಿದೆ, ಗಣಪತಿಗೆ ಏರಿಸುವ 21 ಪತ್ರೆಗಳಲ್ಲಿ ಒಂದಾಗಿದೆ, ನವಗ್ರಹ ಹೋಮದಲ್ಲಿ ಬುಧನ ಸಮಿಧೆಯಾಗಿದೆ, ಇಂದಿಗೂ ಆಯುರ್ವೇದದ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಬಳಕೆಯಲ್ಲಿದೆ. ಹೀಗೆ ವರ್ಷದ ಹೆಚ್ಚು ದಿನ ಕಾಲಡಿಯಲ್ಲಿದ್ದು, ಹಬ್ಬದ ದಿನ ಮಾತ್ರ ತಲೆಯ ಮೇಲಕ್ಕೇರುವ ಗಿಡವನ್ನು ಉಳಿದ ದಿನಗಳಲ್ಲಿಯೂ ಗುರುತಿಸುವಂತಾಗಬೇಕು ಎಂಬುದೇ ಈ ಆಯ್ಕೆಯ ಉದ್ದೇಶ.

ಗಿಡವನ್ನು ತಪ್ಪಿಲ್ಲದೆ ಗುರುತಿಸುವುದು ಹೇಗೆ?

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅಕಿರಾಂಥಿಸ್ ಆಸ್ಪೆರಾ. ರಾಜಗಿರಿ, ಹರಿವೆ ಸೊಪ್ಪುಗಳ ಕುಟುಂಬಕ್ಕೆ ಸೇರಿದ್ದು. ಸಂಸ್ಕೃತದಲ್ಲಿ ಅಪಾಮಾರ್ಗ, ತೆಲುಗಿನಲ್ಲಿ ಉತ್ತರೇಣಿ, ಮರಾಠಿಯಲ್ಲಿ ಆಘಾಡಾ ಎನ್ನುತ್ತಾರೆ. ಸಾಮಾನ್ಯವಾಗಿ ಸೊಂಟದೆತ್ತರಕ್ಕೆ, ಮಳೆ ಚೆನ್ನಾಗಿ ಬಿದ್ದ ವರ್ಷ ಅದಕ್ಕೂ ಎತ್ತರಕ್ಕೆ ಬೆಳೆಯುತ್ತದೆ. ಕಾಂಡ ಪೂರ್ತಿ ದುಂಡಾಗಿರದೆ ತುಸು ಮೂಲೆ ಮೂಲೆಯಾಗಿರುತ್ತದೆ, ಗೆಣ್ಣುಗಳು ಉಬ್ಬಿರುತ್ತವೆ, ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಹೊರಡುತ್ತವೆ. ಕೊಂಬೆಯ ತುದಿಯಿಂದ ಉದ್ದನೆಯ ಕಡ್ಡಿಯಂಥ ಹೂಗೊಂಚಲು ಮೇಲೇಳುತ್ತದೆ. ಹೂ ಬಾಡಿದ ಮೇಲೆ ಅವು ಕೆಳಮುಖವಾಗಿ ಮಡಿಚಿಕೊಂಡು ಕಾಂಡಕ್ಕೆ ಅಂಟಿಕೊಳ್ಳುತ್ತವೆ, ಅವುಗಳ ಬುಡದ ಮುಳ್ಳಿನಂಥ ಮೊನೆಗಳು ಹಾದುಹೋಗುವವರ ಧೋತರಕ್ಕೆ, ಸೀರೆಯ ಅಂಚಿಗೆ, ಕುರಿಯ ಉಣ್ಣೆಗೆ ಕಚ್ಚಿಕೊಳ್ಳುತ್ತವೆ. ಗಿಡ ಊರಿಂದೂರಿಗೆ ಹರಡುವುದು ಹೀಗೆಯೇ.

ಗೊಂದಲವಾಗುವುದು ಹೆಚ್ಚಾಗಿ ಮುಳ್ಳು ಹರಿವೆಯೊಂದಿಗೆ. ಅದರ ಎಲೆಗಳು ಜೋಡಿಯಾಗಿರದೆ ಒಂದರ ನಂತರ ಒಂದರಂತೆ ಇರುತ್ತವೆ ಮತ್ತು ಎಲೆಯ ಬುಡದಲ್ಲಿಯೇ ಗಟ್ಟಿ ಮುಳ್ಳುಗಳಿರುತ್ತವೆ. ಗೊಂಚಲನ್ನು ಬೆರಳಲ್ಲಿ ಹಿಡಿದು ಬುಡದ ಕಡೆಯಿಂದ ತುದಿಯ ಕಡೆಗೆ ಸವರಿದರೆ ಚುಚ್ಚುವುದು, ತುದಿಯಿಂದ ಬುಡಕ್ಕೆ ಸವರಿದರೆ ನುಣುಪಾಗಿರುವುದು ಉತ್ತರಾಣಿಯ ಗುರುತು. ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿದರೆ ಸಾಕು.

ನಮ್ಮ ಭಾಗದ ಹಬ್ಬಗಳಲ್ಲಿ ಇದರ ಸ್ಥಾನವೇನು?

ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆಸ್ನಾನದ ನಡುವೆ ಉತ್ತರಾಣಿಯ ಕೊಂಬೆಯನ್ನು ತಲೆಯ ಸುತ್ತ ತಿರುಗಿಸಿ ನಿವಾಳಿಸುವ ಕ್ರಮವನ್ನು ಧರ್ಮಶಾಸ್ತ್ರಗಳು ಹೇಳುತ್ತವೆ. ಭಾದ್ರಪದದಲ್ಲಿ ಗಣೇಶ ಚೌತಿಯ ಮರುದಿನ ಬರುವ ಋಷಿ ಪಂಚಮಿಯಂದು ವ್ರತ ಹಿಡಿದ ಹೆಣ್ಣುಮಕ್ಕಳು ಉತ್ತರಾಣಿ ಕಡ್ಡಿಯಿಂದ ಹಲ್ಲುಜ್ಜುತ್ತಾರೆ. 108 ಕಡ್ಡಿಗಳನ್ನು ಒಟ್ಟುಮಾಡುವ ಪದ್ಧತಿಯೂ ಉಂಟು.

ಆದರೆ ಚಿತ್ರಕಲೆಯ ಕಣ್ಣಿನಿಂದ ನೋಡುವವರಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ದೀಪಾವಳಿ ಪಾಡ್ಯದ ಸಗಣಿಯ ಪಾಂಡವರು. ಕೊಪ್ಪಳ ಸೇರಿದಂತೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಂದು ಬೆಳಿಗ್ಗೆ ಮನೆಯ ಹೆಣ್ಣುಮಕ್ಕಳು ಆಕಳ ಸಗಣಿಯಿಂದ ಸಣ್ಣ ಸಣ್ಣ ಗೋಪುರದಂಥ ಆಕಾರಗಳನ್ನು ಮಾಡಿ, ಅವುಗಳ ನೆತ್ತಿಗೆ ಉತ್ತರಾಣಿ ಕಡ್ಡಿ, ಚೆಂಡು ಹೂ, ಹುಚ್ಚೆಳ್ಳಿನ ಹೂ ಮುಂತಾದವನ್ನು ಸಿಕ್ಕಿಸಿ, ಹೊಸ್ತಿಲ ಬಳಿ, ಕೊಟ್ಟಿಗೆಯಲ್ಲಿ, ಒಲೆಯ ಹತ್ತಿರ ಕೂರಿಸಿ ಹಾಲು ಮೊಸರಿನಿಂದ ಪೂಜಿಸುತ್ತಾರೆ. ಕೆಲವು ಮನೆಗಳಲ್ಲಿ ಇದೇ ಮೂರ್ತಿಯನ್ನು ಹಟ್ಟೆವ್ವ ಅಥವಾ ಹಟ್ಟಿ ಲಕ್ಕವ್ವ ಎನ್ನುವುದುಂಟು. ಕಣ್ಣು ಮೂಗು ಬಿಡಿಸದೆ, ಹಳದಿ ಹೂವಿನ ಪಕ್ಕ ನೆಟ್ಟಗೆ ನಿಂತ ಒಂದು ಹಸಿರು ಕಡ್ಡಿಯಿಂದಲೇ ಸಗಣಿಯ ಉಂಡೆಗೆ ದೇವರ ಕಳೆ ಬರಿಸುವ ಈ ಕೆಲಸವನ್ನು ಯಾವ ಕಲಾಶಾಲೆಯಲ್ಲಿಯೂ ಹೇಳಿಕೊಡುವುದಿಲ್ಲ, ಹಬ್ಬ ಮುಗಿದ ಮೇಲೆ ಯಾರೂ ಅದನ್ನು ಕಲೆಯೆಂದು ಕರೆಯುವುದೂ ಇಲ್ಲ. ನಮ್ಮ ಮಟ್ಟಿಗೆ ಉತ್ತರಾಣಿಗೆ ಈ ಸೀಮೆಯಲ್ಲಿ ಸಲ್ಲುತ್ತಿರುವ ಅತ್ಯಂತ ಹಳೆಯ ಮತ್ತು ಅತ್ಯಂತ ಜೀವಂತ ಕಲಾಗೌರವ ಇದೇ. ಮಕ್ಕಳ ಚಟುವಟಿಕೆಯನ್ನು ಆರಂಭಿಸುವುದಾದರೆ ಬಣ್ಣದ ಡಬ್ಬಿಗಿಂತ ಮೊದಲು ಅಜ್ಜಿಯ ಕೈ ನೋಡುವುದರಿಂದ ಆರಂಭಿಸುವುದು ಒಳ್ಳೆಯದು.

ಹಳೆಯ ವೈದ್ಯಗ್ರಂಥಗಳು ಏನು ಹೇಳುತ್ತವೆ?

ಚರಕ ಸಂಹಿತೆಯ ಸೂತ್ರಸ್ಥಾನದ ಎರಡನೆಯ ಅಧ್ಯಾಯದ ಹೆಸರೇ ಅಪಾಮಾರ್ಗ ತಂಡುಲೀಯ. ಮೂಗಿನ ಮೂಲಕ ಕೊಟ್ಟು ತಲೆಯ ಭಾಗದ ದೋಷವನ್ನು ಹೊರಹಾಕುವ ದ್ರವ್ಯಗಳ ಸಾಲಿನಲ್ಲಿ ಉತ್ತರಾಣಿಯ ಬೀಜದ ಅಕ್ಕಿಯನ್ನು ಅಲ್ಲಿ ಮೊದಲಿಗೆ ಹೆಸರಿಸಲಾಗಿದೆ. ಅದೇ ಅಧ್ಯಾಯದ ಕೊನೆಯಲ್ಲಿ ಬರುವ ಗಂಜಿಗಳ ಪಟ್ಟಿಯಲ್ಲಿ ಈ ಬೀಜವನ್ನು ಹಾಲಿನೊಂದಿಗೆ ಬೇಯಿಸಿದ ಗಂಜಿ ಹಸಿವನ್ನು ಅಡಗಿಸುತ್ತದೆ ಎಂಬ ಉಲ್ಲೇಖವಿದೆ. ಬರಗಾಲವನ್ನು ಕಂಡ ನಮ್ಮ ಸೀಮೆಯವರು ಈ ಮಾತನ್ನು ಕೇಳಿದ ತಕ್ಷಣ ಕಿವಿ ನಿಮಿರಿಸುತ್ತಾರೆ. ಆದರೆ ಅದು ಅತಿಯಾದ ಹಸಿವಿನ ವ್ಯಾಧಿಗೆ ಹೇಳಿದ ಔಷಧಿಯೇ ಹೊರತು ಅನ್ನಕ್ಕೆ ಬದಲಿಯಲ್ಲ. ಅಥರ್ವವೇದದ ನಾಲ್ಕನೆಯ ಕಾಂಡದ 17, 18 ಮತ್ತು 19ನೆಯ ಸೂಕ್ತಗಳು ಅಪಾಮಾರ್ಗವನ್ನೇ ಉದ್ದೇಶಿಸಿ, ಕೆಡುಕನ್ನು ಒರೆಸಿ ಹಾಕುವಂತೆ ಅದನ್ನು ಬೇಡಿಕೊಳ್ಳುತ್ತವೆ.

ಕ್ಷಾರಸೂತ್ರ ಎಂದರೇನು? ಅದಕ್ಕೂ ಉತ್ತರಾಣಿಗೂ ಏನು ಸಂಬಂಧ?

ಭಗಂದರ ಎಂಬ ಗುದದ್ವಾರದ ಹುಣ್ಣಿನ ನಾಳಕ್ಕೆ ಆಯುರ್ವೇದ ಶಸ್ತ್ರಚಿಕಿತ್ಸಕರು ಔಷಧಿ ಲೇಪಿತ ದಾರವನ್ನು ಪೋಣಿಸಿ ಕಟ್ಟುತ್ತಾರೆ. ಇದೇ ಕ್ಷಾರಸೂತ್ರ. ದಾರ ಒಳಗಿನಿಂದ ಸ್ವಲ್ಪ ಸ್ವಲ್ಪವಾಗಿ ಕೊಯ್ಯುತ್ತಾ ಹೋದಂತೆ ಹಿಂದಿನ ಭಾಗ ಮಾಯುತ್ತಾ ಬರುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ ದಾರವನ್ನು ಬದಲಿಸುತ್ತಾರೆ. ಪ್ರಚಲಿತವಾದ ತಯಾರಿಕೆಯಲ್ಲಿ ಒಂದು ದಾರಕ್ಕೆ ಒಟ್ಟು 21 ಲೇಪಗಳು: ಮೊದಲು ಕಳ್ಳಿಯ ಹಾಲಿನದು 11, ಆಮೇಲೆ ಕಳ್ಳಿಯ ಹಾಲು ಮತ್ತು ಉತ್ತರಾಣಿ ಕ್ಷಾರದ್ದು 7, ಕೊನೆಗೆ ಕಳ್ಳಿಯ ಹಾಲು ಮತ್ತು ಅರಿಶಿನದ್ದು 3. ಕ್ಷಾರವೆಂದರೆ ಒಣಗಿಸಿದ ಗಿಡವನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ, ಹಲವು ಬಾರಿ ಬಟ್ಟೆಯಲ್ಲಿ ಸೋಸಿ, ತಿಳಿನೀರನ್ನು ಕಾಯಿಸಿ ಇಂಗಿಸಿದಾಗ ತಳದಲ್ಲಿ ಉಳಿಯುವ ಉಪ್ಪು. ಸುಶ್ರುತ ಸಂಹಿತೆಯಲ್ಲಿ ಬೀಜರೂಪದಲ್ಲಿದ್ದ ಈ ಚಿಕಿತ್ಸೆಯನ್ನು 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು ಮತ್ತೆ ಬಳಕೆಗೆ ತಂದರು. ನಮ್ಮ ಬದುವಿನ ಕಸವನ್ನು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯವರೆಗೆ ಒಯ್ದ ದಾರಿ ಇದು.

ಹಾಗಾದರೆ ಮನೆಯಲ್ಲಿಯೇ ಕಷಾಯ, ಬೂದಿ, ಪುಡಿ ಮಾಡಿಕೊಳ್ಳಬಹುದೇ?

ಬೇಡ. ಗರ್ಭಿಣಿಯರಂತೂ ಯಾವ ರೂಪದಲ್ಲಿಯೂ ಇದನ್ನು ಹೊಟ್ಟೆಗೆ ತೆಗೆದುಕೊಳ್ಳಬಾರದು. ಗರ್ಭಪಾತಕ್ಕಾಗಿ ಹಳ್ಳಿಗಳಲ್ಲಿ ಬಳಕೆಯಾಗುತ್ತಿದ್ದ ಬೇರು ಇದು, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿಯೂ ಗರ್ಭಕ್ಕೆ ಹಾನಿ ಕಂಡಿದೆ. ಪ್ರಮಾಣ ಮೀರಿದರೆ ವಾಂತಿ ಭೇದಿಯಾಗುತ್ತದೆ. ಕ್ಷಾರದಲ್ಲಿ ಪೊಟ್ಯಾಸಿಯಂ ಲವಣಗಳು ಹೆಚ್ಚಾಗಿರುವುದರಿಂದ ಮೂತ್ರಪಿಂಡದ ತೊಂದರೆಯಿರುವವರಿಗೆ ಅಪಾಯ ಇನ್ನೂ ಹೆಚ್ಚು. ಚಿಕಿತ್ಸೆಯ ಅಗತ್ಯವಿದ್ದವರು ಸರ್ಕಾರಿ ಆಯುಷ್ ವೈದ್ಯರನ್ನೋ ಬಳ್ಳಾರಿಯ ತಾರಾನಾಥ ಸರ್ಕಾರಿ ಆಯುರ್ವೇದ ಮಹಾವಿದ್ಯಾಲಯದ ಆಸ್ಪತ್ರೆಯನ್ನೋ ಕಾಣಬಹುದು. ಮೊಬೈಲಿನಲ್ಲಿ ಹರಿದಾಡುವ ‘ಏಳೇ ದಿನದಲ್ಲಿ ಮೂತ್ರದ ಕಲ್ಲು ಮಾಯ’ ಎಂಬಂಥ ಸಂದೇಶಗಳನ್ನು ಮುಂದಕ್ಕೆ ಕಳಿಸದಿರುವುದು ಸಹ ಗಿಡಕ್ಕೆ ಸಲ್ಲಿಸುವ ಗೌರವವೇ.

ಚೇಳು ಕುಟುಕಿದರೆ ಉತ್ತರಾಣಿ ಬೇರು ಸಾಕು ಎನ್ನುತ್ತಾರಲ್ಲ?

ಬೇರನ್ನು ತೇಯ್ದು ಹಚ್ಚುವ, ಕುಟುಕಿದ ಜಾಗದ ಮೇಲೆ ಎಲೆಯ ರಸ ಹಿಂಡುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ, ಅದನ್ನು ದಾಖಲಿಸುವುದರಲ್ಲಿ ತಪ್ಪೇನಿಲ್ಲ. ಆದರೆ ದಖ್ಖನಿನ ಒಣಭೂಮಿಯಲ್ಲಿರುವ ಕೆಂಪು ಚೇಳಿನ ವಿಷ ಹೃದಯ ಮತ್ತು ಶ್ವಾಸಕೋಶಗಳಿಗೆ ಪೆಟ್ಟು ಕೊಡುತ್ತದೆ, ಮಕ್ಕಳ ಪ್ರಾಣಕ್ಕೇ ಕುತ್ತು ತರುತ್ತದೆ. ವಾಂತಿ, ಮೈ ಬೆವರುವುದು, ಕೈಕಾಲು ತಣ್ಣಗಾಗುವುದು ಕಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನಲ್ಲಿ ಕೆಲಸ ಮಾಡಿದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಮಾತ್ರೆಯಿಂದ ಇಂಥ ರೋಗಿಗಳನ್ನು ಉಳಿಸಬಹುದೆಂದು ತೋರಿಸಿಕೊಟ್ಟ ಮೇಲೆ ಈ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಿಗೂ ಬಂದಿದೆ. ಬೇರು ಹುಡುಕುತ್ತಾ ಹೊಲ ಸುತ್ತುವ ಹೊತ್ತಿನಲ್ಲಿ ರೋಗಿ ತಾಲ್ಲೂಕು ಆಸ್ಪತ್ರೆಯಲ್ಲಿರಬೇಕು. ಹಾವು ಕಡಿತಕ್ಕೂ ಇದೇ ಮಾತು.

ಕಡ್ಡಿಯಿಂದ ಹಲ್ಲುಜ್ಜಬಹುದೇ?

ಉಜ್ಜಬಹುದು, ರಸ ನುಂಗದೆ ಬಾಯಿ ಮುಕ್ಕಳಿಸಿದರೆ ಆಯಿತು.

ಮದ್ದಿಗೂ ಚಿತ್ರಕಲೆಗೂ ಏನು ಸಂಬಂಧ? ಎರಡನ್ನೂ ಬೆರೆಸುವುದು ಕೃತಕವಲ್ಲವೇ?

ಗಿಡದ ಗುರುತು ತಪ್ಪಿದರೆ ಮದ್ದೂ ತಪ್ಪುತ್ತದೆ. ಗಿಡವನ್ನು ನೋಡಿ ಚಿತ್ರ ಬಿಡಿಸಿದವನು ಎಲೆ ಜೋಡಿಯಾಗಿದೆಯೋ ಬಿಡಿಯಾಗಿದೆಯೋ ಎಂಬುದನ್ನು ಮರೆಯುವುದಿಲ್ಲ, ಬರೀ ಓದಿದವನು ಮರೆಯುತ್ತಾನೆ. ಇನ್ನು ಕೃತಕತೆಯ ಮಾತಿಗೆ ಬಂದರೆ, ಈ ಸೀಮೆಯ ಪಂಡಿತ ತಾರಾನಾಥರನ್ನು ನೆನೆಯಬೇಕು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು, ತುಂಗಭದ್ರಾ ತೀರದಲ್ಲಿ ಪ್ರೇಮಾಯತನ ಆಶ್ರಮವನ್ನು ಕಟ್ಟಿದ ಅವರು ವೈದ್ಯರಾಗಿದ್ದರು, ಸಂಗೀತ ಬಲ್ಲವರಾಗಿದ್ದರು, ನಾಟಕ ಬರೆದವರಾಗಿದ್ದರು. ಸರೋದ್ ವಾದಕ ರಾಜೀವ ತಾರಾನಾಥರು ಅವರ ಮಗ. ಬಳ್ಳಾರಿಯ ಆಯುರ್ವೇದ ಮಹಾವಿದ್ಯಾಲಯಕ್ಕೆ ಇರುವುದು ಅವರದೇ ಹೆಸರು. ಅವರ ಬದುಕಿನಲ್ಲಿ ಕೂಡಿ ಬಂದದ್ದನ್ನು ನಮ್ಮ ಶಾಲೆಯ ವೇಳಾಪಟ್ಟಿ ಬೇರೆ ಬೇರೆ ಪಿರಿಯಡ್ಡುಗಳಾಗಿ ಒಡೆದಿದೆ, ಅಷ್ಟೇ.

ಚಿತ್ರ ಬಿಡಿಸುವುದನ್ನು ಎಲ್ಲಿಂದ ಆರಂಭಿಸಬೇಕು?

ಇಡೀ ಗಿಡದಿಂದ ಬೇಡ, ಒಂದೇ ಹೂಗೊಂಚಲಿನಿಂದ ಆರಂಭಿಸಿ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಒಂದು ಗೊಂಚಲನ್ನು ಹತ್ತಿರದಿಂದ ನೋಡಿದರೆ ತುದಿಯಲ್ಲಿ ಮೊಗ್ಗುಗಳು ಮೇಲ್ಮುಖವಾಗಿ ಒತ್ತಾಗಿ ಕೂತಿರುತ್ತವೆ, ಅದರ ಕೆಳಗೆ ಅರಳಿದ ಹೂಗಳು ಅಡ್ಡಲಾಗಿ ಚಾಚಿರುತ್ತವೆ, ಇನ್ನೂ ಕೆಳಗೆ ಬಲಿತ ಕಾಯಿಗಳು ತಲೆಕೆಳಗಾಗಿ ಕಾಂಡಕ್ಕೆ ಒರಗಿರುತ್ತವೆ. ಒಂದೇ ಕಡ್ಡಿಯಲ್ಲಿ ಮೂರು ವಯಸ್ಸು. ಈ ಮೂರೂ ದಿಕ್ಕುಗಳನ್ನು ಸರಿಯಾಗಿ ತೋರಿಸಿದ ಚಿತ್ರ ಬಣ್ಣವಿಲ್ಲದಿದ್ದರೂ ಉತ್ತರಾಣಿಯೇ. ಇದನ್ನು ಬಿಟ್ಟು ಹಸಿರು ಬಳಿದ ಚಿತ್ರ ಯಾವ ಗಿಡವಾದರೂ ಆಗಬಹುದು.

ಹೂ ತೀರಾ ಚಿಕ್ಕದಾದ್ದರಿಂದ ಗಡಿಯಾರ ರಿಪೇರಿಯವರ ಹತ್ತಿರ ಇರುವಂಥ ಭೂತಗನ್ನಡಿ ಒಂದಿದ್ದರೆ ಒಳ್ಳೆಯದು. ಹಸಿರು, ಬಿಳಿ, ಕೆಲವೊಮ್ಮೆ ನಸುಗೆಂಪು ಬೆರೆತ ಐದು ದಳಗಳನ್ನು ಮೊದಲ ಬಾರಿ ಕಂಡ ಮಕ್ಕಳು ಭೂತಗನ್ನಡಿಯನ್ನು ಪಕ್ಕದವರಿಗೆ ಕೊಡಲು ಒಪ್ಪುವುದೇ ಇಲ್ಲ. ಪೆನ್ಸಿಲ್ಲಿನಿಂದ ನಿಜದಳತೆಯ ಒಂದು ಚಿತ್ರ, ಪಕ್ಕದಲ್ಲಿ ಒಂದು ಹೂವನ್ನು ಹತ್ತು ಪಟ್ಟು ದೊಡ್ಡದಾಗಿಸಿದ ಚಿತ್ರ, ಕೆಳಗೆ ಬೇರಿನ ಚಿತ್ರ, ಇಷ್ಟು ಒಂದು ಹಾಳೆಗೆ ಸಾಕು. ಗಿಡದ ಸುತ್ತ ದೇವತೆ, ಪ್ರಭಾವಳಿ, ಕೈಮುಗಿದ ಭಕ್ತರನ್ನು ಬಿಡಿಸುವ ಆಸೆ ಹಲವರಿಗೆ ಬರುತ್ತದೆ. ಬಿಡಿಸಬಾರದೆಂದಿಲ್ಲ, ಆದರೆ ಆ ಆಡಂಬರದಲ್ಲಿ ಹೆಚ್ಚಾಗಿ ಗಿಡವೇ ಕಾಣೆಯಾಗುತ್ತದೆ.

ಅಂಗಡಿಯ ಬಣ್ಣದ ಬದಲು ಗಿಡ, ಮಣ್ಣಿನ ಬಣ್ಣ ಬಳಸಬಹುದೇ?

ಬಳಸಬಹುದು, ಅದಕ್ಕೆ ನಮ್ಮ ಭಾಗದಲ್ಲಿ ಕೊರತೆಯಿಲ್ಲ. ಸಂಡೂರಿನ ಕಡೆಯ ಕಬ್ಬಿಣದ ಕೆಂಪು ಮಣ್ಣು, ಎರೆಹೊಲದ ಕಪ್ಪು ಮಣ್ಣು, ಗೋಡೆಗೆ ಬಳಿಯುವ ಸುಣ್ಣ, ದೀಪದ ಮಸಿ, ಅರಿಶಿನ ಎಲ್ಲವೂ ಒದಗುತ್ತವೆ. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ನೀರಿನಲ್ಲಿ ಕುದಿಸಿದರೆ ಬಣ್ಣ ಹಿಡಿಯಲು ಬೇಕಾದ ಅಂಟು ಸಿಗುತ್ತದೆ.

ಉತ್ತರಾಣಿಯಿಂದಲೇ ಆಗುವ ಒಂದು ಪ್ರಯೋಗವಿದೆ. ಒಣಗಿದ ಗಿಡದ ಬೂದಿಯನ್ನು ನೀರಿನಲ್ಲಿ ಕಲಸಿ ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿನೀರನ್ನು ಅರಿಶಿನ ಬಳಿದ ಕಾಗದದ ಮೇಲೆ ಕುಂಚದಿಂದ ಎಳೆದರೆ ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಸುಣ್ಣ ಸೇರಿದ ಅರಿಶಿನ ಕೆಂಪಾಗುವುದಕ್ಕೆ ಯಾವ ಕಾರಣವೋ ಇದಕ್ಕೂ ಅದೇ ಕಾರಣ: ಬೂದಿಯ ಕ್ಷಾರಗುಣ. ಹಿಂದೆ ಈ ಬೂದಿ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದುದೂ, ಕ್ಷಾರಸೂತ್ರ ಮಾಂಸವನ್ನು ಕೊಯ್ಯುವುದೂ ಇದೇ ಗುಣದಿಂದ. ವಿಜ್ಞಾನದ ಶಿಕ್ಷಕರನ್ನು ಈ ದಿನ ತಪ್ಪದೆ ಜೊತೆಗೆ ಕರೆದುಕೊಳ್ಳಿ. ಬೂದಿ ಮಾಡುವ, ಸೋಸುವ ಕೆಲಸ ದೊಡ್ಡವರದಾಗಿರಲಿ, ನೀರು ಕಣ್ಣಿಗೆ ಬೀಳದಂತೆ ಎಚ್ಚರವಿರಲಿ. ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಮಾಸುವುದರಿಂದ ಚಿತ್ರವನ್ನು ನೆರಳಿನಲ್ಲಿ ತೂಗುಹಾಕಬೇಕು.

ಕಿನ್ನಾಳ ಕಲೆಯಲ್ಲಿ, ಲಂಬಾಣಿ ಕಸೂತಿಯಲ್ಲಿ ಉತ್ತರಾಣಿಯನ್ನು ತರಬಹುದೇ?

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಜೋಡಿಸಿ, ಹುಣಸೆ ಬೀಜದ ಅಂಟು, ಮರದ ಹೊಟ್ಟು, ನೆನೆಸಿದ ಗೋಣಿನಾರು ಸೇರಿದ ಕಿಟ್ಟದಿಂದ ಸಂದು ತುಂಬಿ, ಮೇಲೆ ಬಣ್ಣ ಕೊಟ್ಟು ದೇವರ ಮೂರ್ತಿ, ಗೊಂಬೆ, ಹಣ್ಣುಗಳನ್ನು ಮಾಡುತ್ತಾರೆ. ಅವರ ಬಣ್ಣ ಉಜ್ವಲ, ಆಕಾರ ತುಂಬಿದ್ದು. ಎಳೆಎಳೆಯಾದ ಉತ್ತರಾಣಿ ಅದಕ್ಕೆ ಸುಲಭದ ವಸ್ತುವಲ್ಲ. ಮೂರ್ತಿಯ ಪೀಠದ ಅಂಚಿನಲ್ಲಿ ಬಳ್ಳಿಯ ಬದಲು ಉತ್ತರಾಣಿಯ ಗೊಂಚಲು ಬರೆಯುವುದು ಹೊಂದಬಹುದು. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಮಾತ್ರ ಈ ಗಿಡ ಹೇಳಿ ಮಾಡಿಸಿದಂತಿದೆ, ಏಕೆಂದರೆ ನೇರ ಕಡ್ಡಿಯ ಎರಡೂ ಬದಿಗೆ ಸಣ್ಣ ಓರೆ ಹೊಲಿಗೆ ಹಾಕುತ್ತಾ ಹೋದರೆ ಗೊಂಚಲು ತಾನಾಗಿ ರೂಪುಗೊಳ್ಳುತ್ತದೆ. ಎರಡೂ ಕಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಆದ್ದರಿಂದ ಅವರ ಶೈಲಿಯನ್ನು ನಾವೇ ನಕಲು ಮಾಡಿ ಆ ಹೆಸರಿನಲ್ಲಿ ಮಾರುವಂತಿಲ್ಲ. ಕುಶಲಕರ್ಮಿಗಳನ್ನೇ ಶಾಲೆಗೆ ಕರೆಸಿ, ಅವರ ದಿನದ ಕೂಲಿಗೆ ಕಡಿಮೆಯಿಲ್ಲದ ಸಂಭಾವನೆ ಕೊಟ್ಟು ಕಲಿಯುವುದು ಸರಿಯಾದ ಕ್ರಮ. ಶಾಲು, ಹಾರ, ಭಾಷಣ ಸಂಭಾವನೆಯ ಲೆಕ್ಕಕ್ಕೆ ಬರುವುದಿಲ್ಲ.

ಗಿಡ ಕೀಳುವ ಮೊದಲು ಪೂಜೆ ಮಾಡಬೇಕೇ?

ಹಿಂದಿನ ಸಂಜೆಯೇ ಗಿಡಕ್ಕೆ ಅರಿಶಿನ ಕುಂಕುಮ ಹಚ್ಚಿ, ದಾರ ಕಟ್ಟಿ, ‘ನಾಳೆ ಬರುತ್ತೇನೆ’ ಎಂದು ಹೇಳಿ ಬಂದು ಮರುದಿನ ಬೇರು ತೆಗೆಯುವ ಪದ್ಧತಿ ನಾಟಿ ವೈದ್ಯರಲ್ಲಿದೆ. ನಂಬುವವರು ಮಾಡಲಿ, ನಂಬದವರು ಬಿಡಲಿ. ಆದರೆ ಹಗಲಿನಲ್ಲಿ ಗಿಡವನ್ನು ನೋಡಿ ಗುರುತು ಹಾಕಿ, ಒಂದು ರಾತ್ರಿ ಯೋಚಿಸಿ, ಬೇಕಾದಷ್ಟನ್ನೇ ತೆಗೆಯುವ ವ್ಯವಧಾನ ಆ ಪದ್ಧತಿಯೊಳಗಿದೆ. ಅದನ್ನು ಇಬ್ಬರೂ ಉಳಿಸಿಕೊಳ್ಳಬೇಕು.

ಇದು ಒಂದೇ ಧರ್ಮದ ಆಚರಣೆಯಾಗಿಬಿಡುವುದಿಲ್ಲವೇ?

ಹಬ್ಬದ ಭಾಗ ಹಾಗಿರಬಹುದು, ಗಿಡ ಹಾಗಿಲ್ಲ. ಯುನಾನಿ ಹಕೀಮರು ಇದನ್ನು ಚಿರ್ಚಿಟಾ ಎಂಬ ಹೆಸರಿನಲ್ಲಿ ಬಳಸುತ್ತಾ ಬಂದಿದ್ದಾರೆ. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಕೊಪ್ಪಳಗಳಲ್ಲಿ ಯುನಾನಿ ಹೊಸದಲ್ಲ. ಕುರಿ ಕಾಯುವವರಿಗೆ ಇದು ಉಣ್ಣೆಗೆ ಅಂಟುವ ಪೀಡೆ, ತಾಂಡಾದವರಿಗೆ ಇನ್ನೊಂದು ಹೆಸರಿನ ಬೇರು. ತರಗತಿಯ ಪ್ರತಿಯೊಂದು ಮಗುವೂ ತನ್ನ ಮನೆಯಲ್ಲಿ ಕೇಳಿಕೊಂಡು ಬಂದದ್ದನ್ನು ಒಂದೇ ಗೋಡೆಯ ಮೇಲೆ ಅಂಟಿಸಿದರೆ ಈ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ.

ನಾಟಿ ವೈದ್ಯರ ಬಳಿ ಹೋಗುವಾಗ ಪಾಲಿಸಬೇಕಾದ ಕ್ರಮವೇನು?

ಮೊದಲ ಭೇಟಿಯಲ್ಲಿಯೇ ಮೊಬೈಲ್ ತೆಗೆದು ರೆಕಾರ್ಡ್ ಮಾಡಬೇಡಿ. ‘ಅಜ್ಜಾರೆ, ಹೇಳಬಹುದಾದಷ್ಟನ್ನೇ ಹೇಳ್ರಿ’ ಎಂದು ಕೇಳಿದರೆ ಅವರೂ ಹಗುರಾಗುತ್ತಾರೆ. ಮದ್ದನ್ನು ಬಾಯಿಬಿಟ್ಟು ಹೇಳಿದರೆ ಅದರ ಗುಣ ಹೋಗುತ್ತದೆ ಎಂಬ ನಂಬಿಕೆಯಿರುವವರನ್ನು ಒತ್ತಾಯಿಸುವುದು ಸಲ್ಲದು. ಗಿಡ ಎಲ್ಲಿ ಸಿಗುತ್ತದೆ, ಯಾವ ಹಂಗಾಮಿನಲ್ಲಿ, ಮೊದಲಿಗಿಂತ ಕಡಿಮೆಯಾಗಿದೆಯೇ ಎಂಬಂಥ ಪ್ರಶ್ನೆಗಳಿಗೆ ಅವರು ಸಂತೋಷದಿಂದ ಉತ್ತರಿಸುತ್ತಾರೆ. ದಾಖಲೆಗೆ ನಿಜವಾಗಿ ಬೇಕಾದದ್ದೂ ಅದೇ. 2002ರ ಜೀವವೈವಿಧ್ಯ ಕಾಯ್ದೆಯಂತೆ ಗ್ರಾಮ ಪಂಚಾಯತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ನಿರ್ವಹಿಸಬೇಕು. ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದರೆ ಅದನ್ನು ತೆಗೆಸಿ ನೋಡುವುದಕ್ಕೆ ನಿಮ್ಮ ಕೆಲಸ ಒಂದು ಒಳ್ಳೆಯ ನೆಪ. ವೈದ್ಯರು ಹೇಳಿದ ಮದ್ದಿನ ಪ್ರಮಾಣಗಳನ್ನು ಮಾತ್ರ ಅವರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಪ್ರಕಟಿಸಬಾರದು.

ಗಿಡವನ್ನು ಎಲ್ಲಿಂದ ತರಬೇಕು?

ಕಳೆನಾಶಕ ಹೊಡೆದ ಹತ್ತಿ, ಭತ್ತದ ಹೊಲದ ಬದುವಿನಿಂದಲೂ ಲಾರಿಗಳು ಓಡಾಡುವ ರಸ್ತೆಯ ಬದಿಯಿಂದಲೂ ಬೇಡ. ತುಂಗಭದ್ರಾ ಕಾಲುವೆಯ ನೀರು ಬಂದ ಕಡೆ ಬದುಗಳೇ ಕಿರಿದಾಗಿವೆ, ಉಳಿದ ಬೀಳು ಜಾಗವನ್ನು ಕಾಂಗ್ರೆಸ್ ಗಿಡ ಆವರಿಸಿಕೊಂಡಿದೆ. ಆದರೂ ಮಳೆಯಾಶ್ರಿತ ಮಸಾರಿ ಹೊಲಗಳ ಅಂಚಿನಲ್ಲಿ, ಹಳೆಯ ಗುಡಿಗಳ ಪ್ರಾಕಾರದಲ್ಲಿ ಉತ್ತರಾಣಿ ಧಾರಾಳವಾಗಿ ಸಿಗುತ್ತದೆ. ಶಾಲೆಯ ಆವರಣದಲ್ಲಿಯೇ ಒಂದು ಮೂಲೆಯನ್ನು ಕಸ ತೆಗೆಯದೆ ಬಿಟ್ಟರೆ ಮರುವರ್ಷ ಹುಡುಕುವ ಕೆಲಸವೇ ಇರುವುದಿಲ್ಲ.

ಒಣಗಿಸಿ ಇಡುವುದು ಹೇಗೆ?

ಹೂವಿರುವ ಒಂದು ಕೊಂಬೆಯನ್ನು ದಿನಪತ್ರಿಕೆಯ ನಡುವೆ ಹರಡಿ, ಒಂದೆರಡು ಎಲೆಗಳ ಬೆನ್ನು ಮೇಲೆ ಬರುವಂತೆ ಮಗುಚಿ, ಮೇಲೆ ಭಾರ ಹೇರಬೇಕು. ಮೊದಲ ನಾಲ್ಕೈದು ದಿನ ಕಾಗದವನ್ನು ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಪೂರ್ತಿ ಒಣಗಿದ ಮೇಲೆ ದಪ್ಪ ಹಾಳೆಗೆ ಸೂಜಿ ದಾರದಿಂದ ಅಲ್ಲಲ್ಲಿ ಹೊಲಿದು, ಬಲಗಡೆಯ ಕೆಳಮೂಲೆಯಲ್ಲಿ ಗಿಡದ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಊರು, ಹೊಲದ ಮಣ್ಣು, ತಂದ ದಿನಾಂಕ, ತಂದವರ ಹೆಸರು ಬರೆಯಬೇಕು. ಉದುರಿದ ಬೀಜಗಳನ್ನು ಎಸೆಯದೆ ಸಣ್ಣ ಕಾಗದದ ಪೊಟ್ಟಣದಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸಿ. ಬಣ್ಣ ಒಂದೆರಡು ತಿಂಗಳಲ್ಲಿ ಕಂದುತ್ತದೆ, ಆದ್ದರಿಂದ ಹಸಿಯಾಗಿದ್ದಾಗಲೇ ಬಿಡಿಸಿದ ಚಿತ್ರವನ್ನು ಪಕ್ಕದಲ್ಲಿಯೇ ಇಡುವುದು ಅಗತ್ಯ.